ಹೊಸಿಲಲ್ಲೇ ನಿಂತ ಬಹನ್‌ಜೀ

ಕಾಶಿಯಿಂದ ಬಂದಿದ್ದ ಪರಿಚಯದವರೊಬ್ಬರು ಬಹನ್‌ಜೀ ತೀರಿಕೊಂಡ ಸುದ್ದಿ ಹೇಳಿದರು. ಅವರು ಕೆಲಸ ಮಾಡಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂತಾಪ ಸಭೆ ನಡೆಯಿತಂತೆ. ಫೋಟೋಕ್ಕೆ ಚೆಂಡುಹೂವಿನ ಹಾರ ಹಾಕಿದ್ದರಂತೆ. ಮಾತಾಡಿದವರೊಬ್ಬರು, "ಅವರ ತರಗತಿಯನ್ನು ಒಬ್ಬ ಹುಡುಗಿಯೂ ತಪ್ಪಿಸಿಕೊಳ್ಳುತ್ತಿರಲಿಲ್ಲ" ಎಂದರಂತೆ. ಸುದ್ದಿ ತಂದವರು ಇದನ್ನು ಮೆಚ್ಚುಗೆಯಿಂದಲೇ ಹೇಳಿದರು. ನನಗೆ ಮಾತ್ರ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

ಅದು ಸುಳ್ಳು. ಬಹನ್‌ಜೀಯ ತರಗತಿಯಲ್ಲಿ ಯಾವತ್ತೂ ಎಷ್ಟೋ ಬೆಂಚುಗಳು ಖಾಲಿ ಇರುತ್ತಿದ್ದವು. ಆ ಖಾಲಿ ಬೆಂಚುಗಳ ಬೆನ್ನು ಹತ್ತಿ ಅವರು ಬನಾರಸದ ಗಲ್ಲಿಗಲ್ಲಿ ಅಲೆದರು. ಹುಡುಗಿಯರು ಎಲ್ಲಿ ಹೋದರು, ಯಾರು ಅವರನ್ನು ಕಳಿಸಲಿಲ್ಲ ಎಂದು ಕೇಳಿ ಕೇಳಿ ಎಷ್ಟೋ ಜನರಿಗೆ ಬೇಡವಾದರು. ಈಗ ಆ ಖಾಲಿ ಬೆಂಚುಗಳೇ ಇರಲಿಲ್ಲ ಎಂದುಬಿಟ್ಟರೆ, ಅವುಗಳನ್ನು ಖಾಲಿ ಮಾಡಿದವರೂ ಇರಲಿಲ್ಲ ಎಂದಂತಾಯಿತು. ಆ ಮಾತಿನಿಂದ ಶಾಲೆಗೆ ಒಳ್ಳೆಯ ಹೆಸರು ಬಂತು, ಅಷ್ಟೆ. ಹಾಗಾಗಿ ನಾನು ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದು ಎಂದೇ ಇಲ್ಲಿ ಬರೆದಿಡುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಯಜಮಾನರಿಗೆ ಬ್ಯಾಂಕಿನಲ್ಲಿ ಮೈಸೂರಿನಿಂದ ಬನಾರಸಕ್ಕೆ ವರ್ಗವಾಗಿತ್ತು. ಶಿವಾಲದಲ್ಲಿ ಒಂದು ಹಳೆಯ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ನಾವಿದ್ದೆವು. ಮೇಲೆ ಬಹನ್‌ಜೀ ಒಬ್ಬರೇ. ಅಲ್ಲಿ ಶಾಲೆಯ ಹುಡುಗಿಯರು ಶಿಕ್ಷಕಿಯರನ್ನು ಕರೆಯುವುದೇ ಹಾಗೆ. ಹಾಲಿನವನು, ರಿಕ್ಷಾದವನು, ಕೊನೆಗೆ ನಾವೂ ಹಾಗೆಯೇ ಕರೆದೆವು. ಧಾರವಾಡದ ಕಡೆಯವರು. ಯಾವುದೋ ಕಾಲದಲ್ಲಿ ಅಣ್ಣನ ಸಂಸಾರದ ಜೊತೆ ಬಂದವರು, ಅಣ್ಣ ಊರಿಗೆ ಮರಳಿದ ಮೇಲೂ ಉಳಿದುಬಿಟ್ಟಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಹಾಜರಿ ಕಡಿಮಿ ಬಿತ್ತು" ಎಂದು ನಗುತ್ತಿದ್ದರು.

ಕುಳ್ಳಗಿನ ಗಟ್ಟಿ ಹೆಂಗಸು. ನಡೆಯುವಾಗ ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಹಿಡಿದೆತ್ತಿ, ಎದುರಿಗೆ ಬಂದ ಹೋರಿಯನ್ನೂ ಸರಿಸಿಕೊಂಡು ಹೋಗುವ ನಡಿಗೆ. ಹಿಂದಿಯನ್ನು ಧಾರವಾಡದ ಎಳೆತದಲ್ಲಿ ಆಡುತ್ತಿದ್ದರು. ರಿಕ್ಷಾದವರ ಜೊತೆ ಜಗಳವಾಡುವಾಗ ಕನ್ನಡವೂ ಬಂದುಬಿಡುತ್ತಿತ್ತು, ಅವರಿಗೆ ಅರ್ಥವೂ ಆಗುತ್ತಿತ್ತು. ಹುಡುಗಿಯರ ಮನೆಗಳಿಗೆ ಹೋದರೆ ಒಳಗೆ ಹೋಗಿ ಕೂರುತ್ತಿರಲಿಲ್ಲ. ಹೊಸಿಲಲ್ಲೇ ನಿಂತು ಮಾತು. ಒಮ್ಮೆ ನಾನು ಯಾಕೆಂದು ಕೇಳಿದೆ.

"ಕುಂತ್ರ ಚಾ ಕೊಡ್ತಾರ. ಚಾ ಕುಡದ ಮ್ಯಾಲ ಬಯ್ಯಾಕ ಬಾಯಿ ಬರಂಗಿಲ್ಲ ನೋಡವಾ" ಎಂದರು.

ಸಂಜೆ ಹೊತ್ತು ಜೊತೆಗೆ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು. ನೇಯ್ಗೆಯವರ ಮನೆಯ ಹುಡುಗಿ ಹಬ್ಬದ ಸೀರೆಗಳ ಗಡಿಬಿಡಿಯಲ್ಲಿ ನೂಲು ಸುತ್ತುತ್ತಾ ಕೂತಿರುತ್ತಿದ್ದಳು. ದೋಣಿಯವರ ಮನೆಯ ಹುಡುಗಿಯ ಸೊಂಟದಲ್ಲಿ ತಾಯಿಯ ಹೊಸ ಕೂಸು. ಇನ್ನೊಬ್ಬಳಿಗೆ ಮನೆಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಶಾಲೆಯ ದಾರಿಯ ಪಾನ್ ಅಂಗಡಿಯ ಮುಂದೆ ನಿಲ್ಲುವ ಗಂಡುಹುಡುಗರ ಮಾತು ಕೇಳಲಾರದೆ ಮನೆಯಲ್ಲಿ ಉಳಿದಿದ್ದಳು. ಅವಳನ್ನು ಬಹನ್‌ಜೀ ಒಂದು ಇಡೀ ತಿಂಗಳು ತಾವೇ ಕರೆದೊಯ್ದರು. ಪಾನ್ ಅಂಗಡಿ ಬಂದಾಗ ನಿಂತು, ಆ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು, "ನಿನ್ನ ಯಾವ ಶಾಲೆ? ಇವತ್ತು ಯಾಕೆ ಹೋಗಲಿಲ್ಲ?" ಎಂದು ವಿಚಾರಿಸುತ್ತಿದ್ದರು. ಅಂಗಡಿಯವನೇ ಕೈ ಮುಗಿದು ಹುಡುಗರನ್ನು ಬೇರೆ ಕಡೆಗೆ ಅಟ್ಟಿದ.

ಶಾಲೆಯ ಸಭೆಗಳಲ್ಲಿ ಮುಖ್ಯೋಪಾಧ್ಯಾಯಿನಿ ಹೇಳುತ್ತಿದ್ದುದು ಒಂದೇ ಮಾತು: ದೊಡ್ಡ ತರಗತಿಯ ಹುಡುಗಿಯರಿಗೆ ಓದಿನಲ್ಲಿ ಶ್ರದ್ಧೆಯಿಲ್ಲ, ತಿಂಗಳಿಗೊಮ್ಮೆ ಸುಮ್ಮಸುಮ್ಮನೆ ಮನೆಯಲ್ಲಿ ಕೂರುತ್ತಾರೆ. ಆ ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಬಾಗಿಲು ಮುರಿದುಹೋಗಿ, ಒಳಗೆ ಕಾಲು ಮುರಿದ ಬೆಂಚುಗಳನ್ನು ತುಂಬಿದ್ದರು. ಶಿಕ್ಷಕಿಯರದಕ್ಕೆ ಬೀಗ. ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿ ಮುಟ್ಟಿನ ದಿನಗಳಲ್ಲಿ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೇಗಿರಬೇಕು? ಮುಖ್ಯೋಪಾಧ್ಯಾಯಿನಿಯೂ ಹೆಂಗಸೇ. ಬಹನ್‌ಜೀ ನೇರವಾಗಿ ಆಕೆಯ ಮುಂದೆ ಹೋಗಿ, "ನಾಳೆ ಕೀಲಿ ನನಗೆ ಕೊಟ್ಟು, ನೀವು ದಿನವಿಡೀ ಇಲ್ಲಿ ಕೂತು ನೋಡಿ, ಶ್ರದ್ಧೆ ಎಷ್ಟು ಹೊತ್ತು ಇರುತ್ತದೆ" ಎಂದರಂತೆ. ಅಂದಿನಿಂದ ಆ ಕೀಲಿ ಬಹನ್‌ಜೀಯ ಮೇಜಿನ ಮೂಲೆಯಲ್ಲಿತ್ತು. ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಬೇಕಾದವಳು ತೆಗೆದುಕೊಂಡು ಹೋಗಿ ತಂದಿಡಬಹುದು.

ಆ ಕೀಲಿಯಿಂದಲೇ ವಿಶಾಲಿ ಅವರ ಕಣ್ಣಿಗೆ ಬಿದ್ದಳು. ಹತ್ತನೇ ತರಗತಿಯ ಹುಡುಗಿ, ವಿಶಾಲಾಕ್ಷಿ. ತಿಂಗಳಲ್ಲಿ ಮೂರು ದಿನ ಬರುತ್ತಿದ್ದಳು, ಬಂದ ಮೂರು ದಿನವೂ ಕೀಲಿ ಒಯ್ಯುತ್ತಿದ್ದಳು. ಆಮೇಲೆ ಮುಂದಿನ ತಿಂಗಳವರೆಗೆ ಪತ್ತೆಯಿಲ್ಲ.

"ಎಲ್ಲಾರೂ ಯಾವಾಗ ಬರಂಗಿಲ್ಲೋ ಇಕಿ ಆವಾಗಷ್ಟ ಬರ್ತಾಳ" ಎಂದು ಬಹನ್‌ಜೀ ಒಂದು ಸಂಜೆ ನಮ್ಮ ಬಾಗಿಲಲ್ಲಿ ನಿಂತು ಹೇಳಿದರು. "ನಾಳೆ ಮಧ್ಯಾಹ್ನ ರಜಾ ಹಾಕ್ತೀನಿ, ಬಾರವಾ, ನೋಡಿ ಬರೂಣು. ನಮ್ಮ ಕನ್ನಡದವರ ಮನೀನ ಅದು."

ಮನೆ ಬಂಗಾಲಿ ಟೋಲಾದ ಒಳಗಲ್ಲಿಯಲ್ಲಿ. ವಿಶಾಲಿಯ ತಂದೆ ಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರು ಅವರ ಮನೆಯಲ್ಲೇ ಇಳಿದುಕೊಂಡು, ಅವರ ಕೈಯಲ್ಲೇ ಗಂಗೆಯ ದಡದಲ್ಲಿ ಪಿತೃಕಾರ್ಯ ಮಾಡಿಸಿ, ಅಲ್ಲೇ ಊಟ ಮಾಡುತ್ತಿದ್ದರು. ಆ ಊಟ ಮಡಿಯಲ್ಲಿ ಆಗಬೇಕು. ನಸುಕಿನಲ್ಲೇ ಸ್ನಾನ ಮಾಡಿ, ಯಾರೂ ಮುಟ್ಟದಂತೆ ಗಳುವಿನ ಮೇಲೆ ಒಣಗಿಸಿದ ಸೀರೆ ಉಟ್ಟವರೇ ಒಲೆಯ ಮುಂದೆ ನಿಲ್ಲಬೇಕು. ತಾಯಿಗೆ ಉಬ್ಬಸ, ಹೊಗೆ ಆಗದು. ತಾಯಿಯ ಜಾಗಕ್ಕೆ ಮಗಳು ಬಂದಿದ್ದಳು. ಅವಳು ಮುಟ್ಟಾದರೆ ಮಾತ್ರ ಕೇದಾರಘಾಟದ ಕಡೆಯಿಂದ ಒಬ್ಬ ಅಡುಗೆಯಮ್ಮನನ್ನು ಕರೆಸುತ್ತಿದ್ದರು. ಆ ದಿನಗಳಲ್ಲಿ ಹುಡುಗಿ ಮನೆಯೊಳಗೆ ಓಡಾಡಿದರೆ ಯಾತ್ರಿಕರ ಮಡಿ ಕೆಡುತ್ತದೆ. ಆದ್ದರಿಂದ ಶಾಲೆಗೆ ಕಳಿಸುತ್ತಿದ್ದರು.

ಇದನ್ನು ನಮಗೆ ಹೇಳಿದವರು ವಿಶಾಲಿಯ ಅಜ್ಜಿ, ಪುರೋಹಿತರ ತಾಯಿ. ಮುಚ್ಚಿಡುವ ಸಂಗತಿಯೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

"ಹೊರಗಾದವಳು ಮನೇಲಿದ್ದು ಏನು ಮಾಡ್ತಾಳಮ್ಮ? ಅಲ್ಲಿ ಇಲ್ಲಿ ಮುಟ್ಟಿಬಿಟ್ಟರೆ ಕಷ್ಟ. ಸ್ಕೂಲಲ್ಲಾದರೆ ಕೂತಿರ್ತಾಳೆ."

ನಾವು ಹೋದದ್ದು ಮಧ್ಯಾಹ್ನದ ಊಟದ ಹೊತ್ತು. ಹಜಾರದಲ್ಲಿ ಯಾತ್ರಿಕರ ಸಾಲು ಎಲೆಗಳ ಮುಂದೆ ಕೂತಿತ್ತು. ವಿಶಾಲಿ ಬಗ್ಗಿ ಬಡಿಸುತ್ತಿದ್ದಳು. ತೆಳ್ಳಗಿನ ಹುಡುಗಿ, ಮುಂಗೈಯಲ್ಲಿ ಸುಟ್ಟ ಕಲೆಗಳು. ಬಹನ್‌ಜೀ ಹೊಸಿಲಲ್ಲಿ ನಿಂತೇ ಹಿಂದಿಯಲ್ಲಿ ರೇಖಾಗಣಿತದ ಒಂದು ಪ್ರಶ್ನೆ ಕೇಳಿದರು. ಹುಡುಗಿ ಸೌಟು ನಿಲ್ಲಿಸದೆ ಉತ್ತರ ಹೇಳಿದಳು. ಇನ್ನೊಂದು ಕೇಳಿದರು. ಅದಕ್ಕೂ ಹೇಳಿ, ಸಾರಿನ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದಳು.

ಸಾಲಿನಲ್ಲಿದ್ದ ಹಿರಿಯರೊಬ್ಬರಿಗೆ ಬಹಳ ಸಂತೋಷವಾಯಿತು. "ಭೇಷ್! ಅಡುಗೇನೂ ಬರುತ್ತೆ, ಪಾಠಾನೂ ಬರುತ್ತೆ. ಇನ್ನೇನು ಬೇಕು?" ಎಂದರು. ಪಕ್ಕದವರು ನಕ್ಕರು. ಒಬ್ಬರು ಇನ್ನೊಂದು ವಡೆ ಕೇಳಿದರು.

ಅದು ಶಾಲೆಯ ದಿನ. ಉಂಡವರೆಲ್ಲ ಓದುಬರಹ ಬಲ್ಲವರು. ಅವರ ಮನೆಯ ಹೆಣ್ಣುಮಕ್ಕಳು ಆ ಹೊತ್ತಿಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ತರಗತಿಯಲ್ಲಿ ಕೂತಿದ್ದರು. ಈ ಹುಡುಗಿ ಯಾಕೆ ಇಲ್ಲಿದ್ದಾಳೆ ಎಂದು ಒಬ್ಬರೂ ಕೇಳಲಿಲ್ಲ. ಅವಳು ಚೆನ್ನಾಗಿ ಬಡಿಸುತ್ತಾಳೆ ಎಂದು ಹೊಗಳಿದರು.

ಬಹನ್‌ಜೀ ಪುರೋಹಿತರನ್ನು ಗಲ್ಲಿಗೆ ಕರೆದರು. "ಮೂರು ದಿನ ಅಡುಗಿಯಮ್ಮ ಬರ್ತಾರಲ್ರಿ? ಉಳಿದ ದಿನ ಅವರು ಬಂದ್ರ ಒಲಿ ಹತ್ತಂಗಿಲ್ಲೇನು?"

ಪುರೋಹಿತರು ಮೆತ್ತನೆಯ ಮನುಷ್ಯ. "ನಿಮ್ಮ ಮಾತು ಸರಿ ಬಹನ್‌ಜೀ. ಆದರೆ ಮನೆ ಹುಡುಗಿ ಮಾಡಿದ ಹಾಗೆ ಆಗುತ್ತಾ? ಯಾತ್ರಿಗಳೂ ಕೇಳ್ತಾರೆ, ಯಾರು ಅಡುಗೆ, ಮನೆಯವರೇನಾ ಅಂತ. ನಾನೇನು ಅವಳನ್ನ ಸ್ಕೂಲು ಬಿಡಿಸಿದ್ದೀನಾ? ಆಗಾಗ ಬರ್ತಾಳಲ್ಲ."

ಆ 'ಆಗಾಗ' ಎಂಬುದನ್ನು ಬಹನ್‌ಜೀ ಮನೆ ಸೇರುವವರೆಗೂ ಹಲ್ಲಿನಲ್ಲಿ ಕಚ್ಚಿಕೊಂಡು ಬಂದರು.

ಪಿತೃಪಕ್ಷ ಬಂತು. ಆ ಹದಿನೈದು ದಿನ ಯಾತ್ರಿಕರ ಜಾತ್ರೆಯೇ. ವಿಶಾಲಿ ಶಾಲೆಯ ಮುಖ ನೋಡಲಿಲ್ಲ. ಹಾಜರಿ ಕಡಿಮೆಯಿದೆ, ಬೋರ್ಡ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದರು. ಅದೇ ವರ್ಷ ಗುತ್ತಿಗೆದಾರರೊಬ್ಬರ ಮಗಳು ಅಣ್ಣನ ಮದುವೆಗೆಂದು ದೆಹಲಿಗೆ ಹೋಗಿ ವಾರಗಟ್ಟಲೆ ಬಂದಿರಲಿಲ್ಲ. ಅವಳ ಹಾಜರಿಗೆ ಯಾವ ಕೊರತೆಯೂ ಆಗಲಿಲ್ಲ. ಬಹನ್‌ಜೀ ಇದನ್ನು ಎಲ್ಲ ಶಿಕ್ಷಕಿಯರ ಮುಂದೆ ಎತ್ತಿದರಂತೆ. ಮುಖ್ಯೋಪಾಧ್ಯಾಯಿನಿ ಸ್ವಲ್ಪ ತಗ್ಗಿ, ಇನ್ನು ಮುಂದೆ ಹುಡುಗಿ ನಿಯಮಿತವಾಗಿ ಬಂದರೆ ನೋಡೋಣ ಎಂದರಂತೆ.

ನಿಯಮಿತವಾಗಿ ಬರುವುದು ಹೇಗೆ? ಬಹನ್‌ಜೀ ಒಂದು ಉಪಾಯ ಮಾಡಿದರು. ಮುಂದಿನ ಸಲ ವಿಶಾಲಿ ಶಾಲೆಗೆ ಬಂದಾಗ ಅವಳನ್ನು ಪಕ್ಕಕ್ಕೆ ಕರೆದು, ತಿಂಗಳಲ್ಲಿ ಎರಡು ಮೂರು ಸಲ ಹೊರಗಾದೆ ಎಂದು ಹೇಳು, ಮೂರರ ಬದಲು ಐದು ದಿನ ಆಯಿತು ಎನ್ನು ಎಂದು ಕಲಿಸಿದರು. ನನಗೆ ಅದನ್ನು ಹೇಳುವಾಗ ಮಕ್ಕಳ ಹಾಗೆ ನಗುತ್ತಿದ್ದರು.

"ಮುದುಕಿ ಬಾಗಿಲಾ ತಗದ ಇಟ್ಟಾಳ, ನಾವು ಸ್ವಲ್ಪ ಹೆಚ್ಚಿಗಿ ದೂಡಿದ್ವಿ ಅಷ್ಟ."

ನಾನೂ ನಕ್ಕೆ. ವಿಶಾಲಿ ಒಂದೂವರೆ ತಿಂಗಳು ಆ ಸುಳ್ಳಿನ ಮೇಲೆ ಶಾಲೆಗೆ ಬಂದಳು. ಹಿಂದುಳಿದಿದ್ದ ಪಾಠಗಳನ್ನು ನಮ್ಮ ಮಾಳಿಗೆಯ ಮೆಟ್ಟಿಲಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಿದ್ದಳು, ಅಡುಗೆಯ ಮಾತು ಬಂದರೆ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು.

ಕಾರ್ತೀಕದಲ್ಲಿ ಒಂದು ರಜೆಯ ದಿನ ಅವಳು ಅಳುತ್ತಾ ನಮ್ಮ ಮನೆಗೆ ಬಂದಳು. ಅಜ್ಜಿ ಲೆಕ್ಕ ಇಟ್ಟಿದ್ದರು. ಹುಡುಗಿಗೆ ಏನೋ ದೊಡ್ಡ ತೊಂದರೆಯಿದೆ ಎಂದು ಹೆದರಿ ಮೊದಲು ಕಷಾಯ ಕುಡಿಸಿದರು, ಆಮೇಲೆ ಭೇಲೂಪುರದ ಡಾಕ್ಟರಲ್ಲಿಗೆ ಕರೆದೊಯ್ದರು. ಡಾಕ್ಟರು ಏನೂ ಇಲ್ಲ ಎಂದರೆ, ಏನೂ ಇಲ್ಲದೆ ಹೀಗಾಗುತ್ತದೆಯೇ ಎಂದು ಇನ್ನೂ ಹೆದರಿದರು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ಗಯೆಯಲ್ಲಿದ್ದ ಪುರೋಹಿತರೊಬ್ಬರ ಮಗನಿಗೆ ಕೊಡುವ ಮಾತು ಶುರುವಾಯಿತು. ಮಾಘದಲ್ಲೇ ಲಗ್ನ. ವಿಶಾಲಿಗೆ ಆಗ ಹದಿನಾರು ತುಂಬಿರಲಿಲ್ಲ.

ಬಹನ್‌ಜೀ ಚಪ್ಪಲಿ ಮೆಟ್ಟಿದರು.

"ನಡಿ" ಎಂದರು.

ಮತ್ತೆ ಅದೇ ಹೊಸಿಲು, ಅದೇ ಊಟದ ಹೊತ್ತು. ಬೇರೆ ಯಾತ್ರಿಕರು. ಅಡುಗೆಯಮ್ಮ ಬಡಿಸುತ್ತಿದ್ದರು. ಅಜ್ಜಿ ಕಂಬಕ್ಕೊರಗಿ ನಿಂತು ನೋಡಿಕೊಳ್ಳುತ್ತಿದ್ದರು.

"ಅಜ್ಜಿ, ಹುಡುಗಿಗೆ ಯಾವ ರೋಗಾನೂ ಇಲ್ಲ" ಎಂದರು ಬಹನ್‌ಜೀ, ಎಲ್ಲರಿಗೂ ಕೇಳುವ ಹಾಗೆ. "ಅಕಿ ಹೊರಗಾಗೇ ಇರಲಿಲ್ಲ. ಹೊರಗಾದೆ ಅಂತ ಹೇಳು ಅಂತ ಕಲಿಸಿದಾಕಿ ನಾನು. ನಿಮ್ಮ ಮನಿಯಿಂದ ಸಾಲಿಗೆ ಹೋಗಾಕ ಅಕಿಗೆ ಅದೊಂದ ದಾರಿ ಇತ್ತು. ತಪ್ಪು ನಂದು. ಲಗ್ನದ ಮಾತು ನಿಲ್ಲಸ್ರಿ."

ಪುರೋಹಿತರು ಕೈಯಲ್ಲಿದ್ದ ನೀರಿನ ತಂಬಿಗೆ ಹಿಡಿದುಕೊಂಡೇ ನಿಂತರು. ಅಜ್ಜಿಯ ಯೋಚನೆ ಎಲ್ಲಿಗೆ ಹೋಗಿ ಮುಟ್ಟಿತೆಂದು ಊಹಿಸಲು ನನ್ನಿಂದಾಗಲಿಲ್ಲ.

"ಸುಳ್ಳು ಹೇಳಿ ಹೊರಗೆ ಕೂತವಳು, ಹೊರಗಾಗಿದ್ದಾಗ ಸುಳ್ಳು ಹೇಳಿ ಒಳಗೆ ಬಂದಿಲ್ಲ ಅಂತ ಹೇಗೆ ನಂಬೋದು?" ಎಂದರು. "ಎಷ್ಟು ಜನರ ಶ್ರಾದ್ಧಕ್ಕೆ ಅಡುಗೆ ಮಾಡಿದ್ದಾಳೋ, ಶಿವ ಶಿವಾ!"

ಸಾಲಿನಲ್ಲಿ ಕನ್ನಡಕದ ಒಬ್ಬರು ಕೈ ತಡೆದರು. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರೆಂದು ಆಮೇಲೆ ತಿಳಿಯಿತು. "ನಿನ್ನೆ ನಮ್ಮ ತಂದೆಯವರ ಕಾರ್ಯಕ್ಕೆ ಅಡುಗೆ ಯಾರದ್ದು?" ಎಂದು ಕೇಳಿದರು. ವಿಶಾಲಿಯದೇ ಎಂದು ಗೊತ್ತಾದ ಮೇಲೆ ಎಲೆಯ ಮುಂದಿನಿಂದ ಎದ್ದರು. "ಹಾಗಾದರೆ ಮತ್ತೆ ಮಾಡಿಸಬೇಕಲ್ಲ ಸ್ವಾಮಿ. ಇಷ್ಟು ದೂರ ಬಂದು ಹೀಗಾಯಿತಲ್ಲ" ಎಂದರು. ಜೀವನವಿಡೀ ಹಾಜರಿ ಕೂಗಿದ ಮನುಷ್ಯ. ಒಬ್ಬ ಹುಡುಗಿ ಶಾಲೆಗೆ ಬರಲು ಇಷ್ಟು ಮಾಡಬೇಕಾಯಿತೇ ಎಂದು ಅವರಿಗೆ ಅನ್ನಿಸಲಿಲ್ಲ. ಅವರಿಗೆ ಕಂಡದ್ದು ತಮ್ಮ ಎಲೆ ಮಾತ್ರ.

ಅಜ್ಜಿಯ ತೀರ್ಮಾನ ಅಂದೇ ಆಯಿತು: ವಿಶಾಲಿ ಇನ್ನು ಮಡಿ ಅಡುಗೆಮನೆಯ ಹೊಸಿಲು ದಾಟಕೂಡದು. ರೋಗವಿಲ್ಲವೆಂದ ಮೇಲೆ ಮದುವೆಯ ಅವಸರವೂ ಹೋಯಿತು. ಸುಳ್ಳಿ ಎಂಬ ಹೆಸರು ಗಯೆಗೆ ತಲುಪಿತೋ ಏನೋ, ಅವರೂ ಮತ್ತೆ ಕೇಳಲಿಲ್ಲ.

ಒಲೆಯಿಂದ ಹೊರಗೆ ಹಾಕಿಸಿಕೊಂಡವಳು ಶಾಲೆಗೆ ಬಂದಳು. ಅವಳು ಓದಬೇಕೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅವಳು ಕೆಲಸಕ್ಕೆ ಬಾರದವಳಾಗಿದ್ದಳು, ಅದಕ್ಕೇ ಬಿಟ್ಟರು. ಬಹನ್‌ಜೀಗೆ ಮಾತ್ರ ಕಾರಣ ಬೇಕಿರಲಿಲ್ಲ. "ಹೆಂಗರ ಬರ್ಲಿ, ಬಂದ್ಲಲ್ಲ" ಎಂದರು. ಡಿಸೆಂಬರಿನ ಮಂಜಿನಲ್ಲಿ, ಕೈಯಳತೆಯ ಆಚೆ ಏನೂ ಕಾಣದ ಬೆಳಗುಗಳಲ್ಲಿ, ವಿಶಾಲಿ ಶಾಲು ಹೊದ್ದು ಬರುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಬಹನ್‌ಜೀ ಹಾಜರಿ ಕೂಗುವಾಗ ಅವಳ ಹೆಸರನ್ನು ಸ್ವಲ್ಪ ಜೋರಾಗಿ ಕೂಗುತ್ತಿದ್ದರಂತೆ.

ಮಾರ್ಚಿನಲ್ಲಿ ಅವಳು ಪರೀಕ್ಷೆಗೆ ಕೂತಳು. ಕೊನೆಯ ಪತ್ರಿಕೆಯ ದಿನ ನಾನೂ ಬಹನ್‌ಜೀಯ ಜೊತೆ ಗೇಟಿನ ಹತ್ತಿರ ಕಾದಿದ್ದೆ. ಗಂಟೆ ಹೊಡೆಯಿತು. ಹುಡುಗಿಯರು ಹೊರಗೆ ಬಂದರು. ಮುಖ್ಯೋಪಾಧ್ಯಾಯಿನಿಯೂ ಬಂದು, ವಿಶಾಲಿಯ ಬೆನ್ನು ತಟ್ಟಿ, ಸುತ್ತಲಿದ್ದ ಹುಡುಗಿಯರಿಗೆ ಹೇಳಿದರು:

"ನೋಡಿದಿರಾ? ಮನಸ್ಸಿದ್ದರೆ ದಿನಾ ಬರಬಹುದು."

ಬಹನ್‌ಜೀ ಬಾಯಿ ತೆರೆದರು. ಆದರೆ ವಿಶಾಲಿ ಅವರ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು.

"ಬಹನ್‌ಜೀ, ಒಂದು ಮಾತು ನಾನು ಮುಚ್ಚಿಟ್ಟಿದ್ದೆ. ಹೇಳಿದರೆ ನೀವು ಮತ್ತೆ ಮನೆಗೆ ಬರ್ತೀರಿ, ಗಲಾಟೆ ಆಗುತ್ತೆ, ನನ್ನ ಪರೀಕ್ಷೆ ಹೋಗುತ್ತೆ ಅಂತ ಡರ್ ಆಗಿತ್ತು. ಈಗ ಒಲೆ ಮುಂದೆ ಭಾಗಿ ಇದ್ದಾಳೆ."

ಭಾಗೀರಥಿ ಅವಳ ತಂಗಿ, ಆರನೇ ತರಗತಿ. ಬೇರೆ ಶಿಕ್ಷಕಿಯ ಕ್ಲಾಸಿನವಳು. ಅವಳು ಬರುತ್ತಿಲ್ಲವೆಂಬುದು ಬಹನ್‌ಜೀಯ ಕಣ್ಣಿಗೆ ಬಿದ್ದಿರಲಿಲ್ಲ.

"ಯಾವಾಗಿಂದ?" ಎಂದರು.

"ನನ್ನನ್ನ ಹೊರಗೆ ಹಾಕಿದ ಮಾರನೇ ದಿನದಿಂದ. ಅಜ್ಜಿಗೆ ಖುಷಿ. ಅಡುಗೆಯಮ್ಮನೂ ಬೇಡವಾಯ್ತು." ವಿಶಾಲಿ ಅಳುತ್ತಿರಲಿಲ್ಲ. ಉತ್ತರ ಬರೆದು ಮುಗಿಸಿದವಳ ಹಾಗೆ ನೇರವಾಗಿ ನಿಂತಿದ್ದಳು. "ಭಾಗಿಗೆ ಯಾವ ಸುಳ್ಳು ಹೇಳಿಕೊಡ್ತೀರಿ ಬಹನ್‌ಜೀ? ಅವಳಿಗೆ ಇನ್ನೂ ಶುರುವೇ ಆಗಿಲ್ಲ. ನನಗೆ ತಿಂಗಳಲ್ಲಿ ಮೂರು ದಿನವಾದರೂ ಸ್ಕೂಲಿತ್ತು."

ಗೇಟಿನ ಮುಂದೆ ಹುಡುಗಿಯರು ಕಡಲೆಕಾಯಿ ಕೊಳ್ಳುತ್ತಾ, ಉತ್ತರ ಹೋಲಿಸುತ್ತಾ ಗದ್ದಲ ಮಾಡುತ್ತಿದ್ದರು. ಬಹನ್‌ಜೀ ಅವರನ್ನೇ ನೋಡುತ್ತಾ ನಿಂತಿದ್ದರು.

ಆಮೇಲೆ ಕೇಳಿದರು: "ಈಗ ಹೋದ್ರ ಎಲಿ ಹಾಕಿರ್ತಾರೇನು?"

"ಹಾಕಿರ್ತಾರೆ."

"ಯಾತ್ರಿಗಳದಾರ?"

"ತುಂಬಾ ಜನ. ಹಜಾರ ಸಾಲದೆ ಅಂಗಳದಲ್ಲೂ ಕೂರಿಸಿದ್ದಾರೆ."

"ಛಲೋ ಆತು. ಎಲ್ಲಾರೂ ಕೇಳಲಿ" ಎಂದು ಬಹನ್‌ಜೀ ರಿಕ್ಷಾ ಕೂಗಿದರು. ವಿಶಾಲಿ ಅವರಿಗಿಂತ ಮೊದಲೇ ಹತ್ತಿ ಕೂತಳು.